ಗೋಟಡಿಕೆ ಸದ್ದು ಮತ್ತು 95ರ ಪೆಟ್ರೋಲು

ನಮ್ಮ ಮನೆಯಲ್ಲಿ 1994ರ ಒಂದು ಮಾರುತಿ 800 ಇದೆ. ಮಾವನವರದ್ದು. ಅವರು ಹೋದ ಮೇಲೆ ಮಾರೋಣ ಅಂದೆ. ಹೆಂಡತಿ ಮಾತಾಡಲಿಲ್ಲ. ಹೆಂಡತಿ ಮಾತಾಡಲಿಲ್ಲ ಅಂದರೆ ಏನರ್ಥ ಅಂತ ಮದುವೆಯಾದವರಿಗೆ ಗೊತ್ತು. ಹಾಗಾಗಿ ತೀರ್ಥಹಳ್ಳಿ ಹತ್ತಿರದ ನಮ್ಮ ಮನೆಯ ಕೊಟ್ಟಿಗೆ ಪಕ್ಕದ ಶೆಡ್ಡಿನಲ್ಲೇ ಅದು ಉಳಿಯಿತು.

2021ರ ಡಿಸೆಂಬರಿನಲ್ಲಿ ಉಡುಪಿಯ ಮಗಳ ಮನೆಯಿಂದ ವಾಪಸ್ ಬರುತ್ತಿದ್ದೆವು. ಹಿಂದಿನ ಸೀಟಿನಲ್ಲಿ ತೆಂಗಿನಕಾಯಿ ಚೀಲ. ಸೋಮೇಶ್ವರ ದಾಟಿ ಆಗುಂಬೆ ಘಾಟಿ ಹತ್ತಲು ಶುರು ಮಾಡಿದೆ. ಮೂರನೇ ತಿರುವಿನಲ್ಲೇ ಬಾನೆಟ್ಟಿನ ಒಳಗಿಂದ ಕಟಕಟ ಸದ್ದು. ಆಕ್ಸಿಲರೇಟರ್ ಒತ್ತಿದರೆ ಜಾಸ್ತಿ, ಬಿಟ್ಟರೆ ಇಲ್ಲ. "ಏನ್ರೀ ಅದು, ಡಬ್ಬದಲ್ಲಿ ಗೋಟಡಿಕೆ ಹಾಕಿ ಅಲ್ಲಾಡಿಸಿದ ಹಾಗೆ?" ಅಂದಳು. ಎಂಜಿನ್ ನಾಕಿಂಗ್‌ಗೆ ಇದಕ್ಕಿಂತ ಸರಿಯಾದ ವರ್ಣನೆ ನಾನು ಎಲ್ಲೂ ಓದಿಲ್ಲ. ಹದಿನಾಲ್ಕು ತಿರುವನ್ನೂ ಎರಡನೇ ಗೇರಿನಲ್ಲೇ ಹತ್ತಿಸಿದೆ.

ಮಾರನೆಯ ದಿನ ಬಾಮೈದನಿಗೆ ಫೋನ್ ಮಾಡಿದೆ. ಅವನು ಬೆಂಗಳೂರಿನವನು, ಟರ್ಬೋ ಕಾರು ಇಟ್ಟಿದ್ದಾನೆ. "ಭಾವ, 95 ಆಕ್ಟೇನ್ ಹಾಕ್ಸಿ ನೋಡಿ, ಗಾಡಿ ಹಾರುತ್ತೆ" ಅಂದ. ಆಗ ಬಂಕಿನ ಮಾಮೂಲಿ ಪೆಟ್ರೋಲು 91 ಆಕ್ಟೇನ್. 95ಕ್ಕೆ ಲೀಟರಿಗೆ ಮೂರ್ನಾಲ್ಕು ರೂಪಾಯಿ ಜಾಸ್ತಿ. ಶಿವಮೊಗ್ಗಕ್ಕೆ ಹೋದಾಗಲೆಲ್ಲ ಅದನ್ನೇ ತುಂಬಿಸಿದೆ. ಮೂವತ್ತು ವರ್ಷ ಪಾಠ ಮಾಡಿದವನಿಗೆ ಲೆಕ್ಕ ಬರೆಯುವ ಚಾಳಿ ಹೋಗುವುದಿಲ್ಲ. ಮೂರು ಟ್ಯಾಂಕ್ ಆಗುವ ತನಕ ಡೈರಿಯಲ್ಲಿ ಬರೆದಿಟ್ಟೆ.

ಸದ್ದು ಕಡಿಮೆಯಾಯಿತು, ಪೂರ್ತಿ ಹೋಗಲಿಲ್ಲ. ಮೈಲೇಜ್ ಮೊದಲು 17, ಆಮೇಲೂ 17. ಪಿಕಪ್ ಇದ್ದ ಹಾಗೇ ಇತ್ತು. ಗಾಡಿ ಹಾರಲಿಲ್ಲ.

ಹಾರುವುದೂ ಇಲ್ಲ ಅನ್ನುವುದು ಆಮೇಲೆ ತಿಳಿಯಿತು. ಆಕ್ಟೇನ್ ಅಂದರೆ ಶಕ್ತಿ ಅಂತ ನಾನೂ ತಿಳಿದಿದ್ದೆ. ಅದು ಶಕ್ತಿಯ ಅಳತೆಯಲ್ಲ, ತಾಳ್ಮೆಯ ಅಳತೆ. ಸಿಲಿಂಡರಿನ ಒಳಗೆ ಗಾಳಿ, ಪೆಟ್ರೋಲು ಎರಡನ್ನೂ ಪಿಸ್ಟನ್ ಒತ್ತುತ್ತದೆ. ಒತ್ತಿದಷ್ಟೂ ಬಿಸಿ. ಪ್ಲಗ್ಗಿನ ಕಿಡಿಯಿಂದ ಶುರುವಾದ ಬೆಂಕಿ ಒಂದು ಕಡೆಯಿಂದ ಹರಡಿಕೊಂಡು ಬರಬೇಕು. ಅದು ಬಂದು ಮುಟ್ಟುವ ಮುಂಚೆಯೇ ಮೂಲೆಯಲ್ಲಿದ್ದ ಪೆಟ್ರೋಲು ತಾನಾಗಿ ಸಿಡಿದರೆ ಅದೇ ಗೋಟಡಿಕೆ ಸದ್ದು. ಆಕ್ಟೇನ್ ಜಾಸ್ತಿ ಇದ್ದರೆ ಹಾಗೆ ಬೇಗ ಸಿಡಿಯುವುದಿಲ್ಲ, ಅಷ್ಟೇ. ಸಿಡಿಯದೇ ಇರುವ ಎಂಜಿನ್ನಿಗೆ ಅದರಿಂದ ಏನೂ ಲಾಭವಿಲ್ಲ. ಜ್ವರ ಇಲ್ಲದವನಿಗೆ ಜ್ವರದ ಮಾತ್ರೆ ಕೊಟ್ಟ ಹಾಗೆ.

ಬಾಮೈದ ಸುಳ್ಳು ಹೇಳಿರಲಿಲ್ಲ. ಅವನ ಕಾರಿನಲ್ಲಿ ನಾಕಿಂಗ್ ಕೇಳಿಸಿಕೊಳ್ಳುವ ಸೆನ್ಸರ್ ಇದೆ. ಒಳ್ಳೆ ಪೆಟ್ರೋಲು ಬಿದ್ದರೆ ಕಂಪ್ಯೂಟರ್ ಕಿಡಿಯನ್ನು ಸ್ವಲ್ಪ ಮುಂಚೆ ಕೊಡುತ್ತದೆ, ಜೋರು ಜಾಸ್ತಿಯಾಗುತ್ತದೆ. ನಮ್ಮ 800ರಲ್ಲಿ ಇರುವುದು ಪ್ಲಗ್ಗುಗಳಿಗೆ ಕಿಡಿ ಹಂಚುವ ಹಳೇ ಕಾಲದ ಡಿಸ್ಟ್ರಿಬ್ಯೂಟರ್, ಅದರೊಳಗೆ ಕಿಡಿ ಹುಟ್ಟಿಸುವ ಪಾಯಿಂಟ್. ಒಳಗೆ 91 ಬಿತ್ತೋ 95 ಬಿತ್ತೋ ಅದಕ್ಕೆ ಗೊತ್ತೇ ಆಗುವುದಿಲ್ಲ. ಇದರ ಕಂಪ್ರೆಷನ್ನೂ, ಅಂದರೆ ಪಿಸ್ಟನ್ ಒತ್ತುವ ಪ್ರಮಾಣವೂ, 8.7ಕ್ಕೆ 1, ಈಗಿನ ಕಾರುಗಳ ಮುಂದೆ ಕಡಿಮೆಯೇ. ಇದು ಹುಟ್ಟಿದ ಕಾಲದಲ್ಲಿ ನಮ್ಮ ಬಂಕುಗಳಲ್ಲಿ ಇದ್ದ ಮಾಮೂಲಿ ಪೆಟ್ರೋಲು 87 ಆಕ್ಟೇನ್. ಅದರಲ್ಲೇ ಮಾವನವರು ಇದೇ ಘಾಟಿಯನ್ನು ಎಷ್ಟೋ ಸಲ ಹತ್ತಿಸಿದ್ದಾರೆ.

(ಆಗಿನ ಪೆಟ್ರೋಲಿನಲ್ಲಿ ಸೀಸ ಇರುತ್ತಿತ್ತು. ನಾಕಿಂಗ್ ನಿಲ್ಲಿಸುವುದಕ್ಕೆ ಸೀಸದ ಸಂಯುಕ್ತ ಬೆರೆಸುವ ಉಪಾಯವನ್ನು 1921ರಲ್ಲಿ ಅಮೆರಿಕದ ಥಾಮಸ್ ಮಿಡ್ಗ್ಲಿ ಕಂಡುಹಿಡಿದ. ಎಂಜಿನ್ ಸುಮ್ಮನಾಯಿತು, ಊರಿನವರ ರಕ್ತಕ್ಕೆಲ್ಲ ಸೀಸ ಸೇರಿತು. ನಮ್ಮ ದೇಶದಲ್ಲಿ ಅದು ನಿಂತಿದ್ದು 2000ದಲ್ಲಿ.)

87ರಲ್ಲಿ ಸುಮ್ಮನಿದ್ದ ಎಂಜಿನ್ 91ರಲ್ಲಿ ಯಾಕೆ ಕಟಕಟ ಅನ್ನಬೇಕು? ಈ ಪ್ರಶ್ನೆ ಕೇಳಿದ್ದು ನಾನಲ್ಲ, ನಮ್ಮ ಮೆಕಾನಿಕ್ ಸಾಬ್ರು. "ಮೇಷ್ಟ್ರೇ, ಪೆಟ್ರೋಲ್ ಬಿಡಿ. ಗಾಡಿ ದಿನಾ ಎಷ್ಟು ದೂರ ಓಡುತ್ತೆ?" ಅಂದರು. ಪೇಟೆಗೆ ಆರು ಕಿಲೋಮೀಟರ್, ವಾಪಸ್ ಆರು. "ಅಷ್ಟರಲ್ಲಿ ಎಂಜಿನ್ ಬಿಸಿಯೇ ಆಗಲ್ಲ. ಕಾರ್ಬನ್ ಕಟ್ಟಿರುತ್ತೆ. ಹೆಡ್ ಇಳಿಸೋಣ."

ಸಿಲಿಂಡರಿನ ಮೇಲಿನ ಆ ಮುಚ್ಚಳವನ್ನು ಇಳಿಸಿದರು. ಪಿಸ್ಟನ್ನಿನ ನೆತ್ತಿ ಮೇಲೆ ಬಚ್ಚಲೊಲೆಯ ಹಂಡೆಗೆ ಹಿಡಿದ ಮಸಿಯಂಥ ಕರಿ. ಅದು ಕಟ್ಟಿದಷ್ಟೂ ಒಳಗಿನ ಜಾಗ ಸಣ್ಣದಾಗಿ ಕಂಪ್ರೆಷನ್ ಏರುತ್ತದೆ. ಅಲ್ಲಲ್ಲಿ ಕೆಂಡದ ಹಾಗೆ ಕಾದು ತಾನೇ ಕಿಡಿ ಹಚ್ಚುವುದೂ ಉಂಟು. ಕೀ ತೆಗೆದ ಮೇಲೂ ಕಾರು ಒಂದೆರಡು ಸಲ ದಡಬಡ ಅಂತ ಒದರಿ ನಿಲ್ಲುತ್ತಿದ್ದುದು ಇದಕ್ಕೇ. ನಾನು ವಯಸ್ಸಾಯಿತು ಅಂತ ಸುಮ್ಮನಿದ್ದೆ, ಕಾರಿಗೆ.

ಇನ್ನೆರಡು ಸಿಕ್ಕವು. ವ್ಯಾಕ್ಯೂಮ್ ಪೈಪ್ ಒಂದು ಸೀಳಿ ಗಾಳಿ ಎಳೆಯುತ್ತಿತ್ತು, ಮಿಶ್ರಣದಲ್ಲಿ ಪೆಟ್ರೋಲು ಸಾಲುತ್ತಿರಲಿಲ್ಲ. ಟೈಮಿಂಗನ್ನು ಯಾರೋ ಯಾವಾಗಲೋ ಬೇಕಾದ್ದಕ್ಕಿಂತ ಮುಂಚೆಯೇ ಕಿಡಿ ಹಾರುವ ಹಾಗೆ ತಿರುಗಿಸಿ ಇಟ್ಟಿದ್ದರು. ಮೂರೂ ಸೇರಿ ಗೋಟಡಿಕೆ.

ಸಾಬ್ರು ಸೀಮೆಎಣ್ಣೆಯಲ್ಲಿ ನೆನೆಸಿ, ಮರದ ಚಕ್ಕೆಯಲ್ಲಿ ಕೆರೆದರು. ಅಲ್ಯುಮಿನಿಯಂ ಪಿಸ್ಟನ್, ಗೀರಬಾರದಲ್ಲ. ಹೊಸ ಗ್ಯಾಸ್ಕೆಟ್, ಹೊಸ ಪಾಯಿಂಟ್. ಫೀಲರ್ ಗೇಜ್ ತೂರಿಸಿ ಗ್ಯಾಪ್ ನೋಡಿದರು. ಟೈಮಿಂಗ್ ಲೈಟ್ ಹಿಡಿದು ಗುರುತಿಗೆ ತಂದರು. ಅಷ್ಟಕ್ಕೇ ಅವರಿಗೆ ಸಮಾಧಾನವಿಲ್ಲ. ಕುಪ್ಪಳಿ ಕಡೆಯ ಏರಿಗೆ ಕರೆದುಕೊಂಡು ಹೋದರು. ಟಾಪ್ ಗೇರಿನಲ್ಲಿ ಒತ್ತಿ, ಕಿವಿ ಕೊಟ್ಟು ಕೇಳಿ, ಇಳಿದು ಡಿಸ್ಟ್ರಿಬ್ಯೂಟರನ್ನು ಕೂದಲೆಳೆಯಷ್ಟು ತಿರುಗಿಸಿ, ಮತ್ತೆ ಓಡಿಸಿ. ಹೀಗೆ ನಾಲ್ಕು ಸಲ. ಕೊನೆಗೆ ಮಾಮೂಲಿ ಪೆಟ್ರೋಲಿನಲ್ಲೇ ಸದ್ದು ಮಾಯ. ಮೈಲೇಜ್ 18.

"95 ಹಾಕಿ ಕಿಡಿಯನ್ನು ಇನ್ನೂ ಸ್ವಲ್ಪ ಮುಂಚೆ ಬರುವ ಹಾಗೆ ಮಾಡಿದರೆ?" ಅಂತ ಕೇಳಿದೆ. ಆಸೆ ಬಿಡಬೇಕಲ್ಲ. "ಮಾಡಬಹುದು. ಆಮೇಲೆ ಹೊಸನಗರ ಕಡೆ ಹೋದಾಗ 95 ಸಿಗದೆ ಮಾಮೂಲಿ ಹಾಕಿಸಿದರೆ ಮತ್ತೆ ಅದೇ ಕತೆ" ಅಂದರು. ಆದರೂ ಒಂದು ಸಲ ಮಾಡಿಸಿದೆ. ಏರಿನಲ್ಲಿ ಸ್ವಲ್ಪ ಹಗುರ ಅನ್ನಿಸಿತು. ಹೆಂಡತಿಗೆ ಅನ್ನಿಸಲಿಲ್ಲ. ವಾಪಸ್ ಮೊದಲಿನ ಹಾಗೇ ಮಾಡಿಸಿದೆ.

ಈಗ ಈ ಲೆಕ್ಕವೇ ತಲೆಕೆಳಗಾಗಿದೆ. ಬಂಕಿನಲ್ಲಿ ಬರುವ ಮಾಮೂಲಿ ಪೆಟ್ರೋಲೆಲ್ಲ 20 ಪರ್ಸೆಂಟ್ ಎಥೆನಾಲ್ ಬೆರೆಸಿದ್ದು. ಎಥೆನಾಲಿನ ಆಕ್ಟೇನ್ ನೂರರ ಮೇಲೆ. ಹಾಗಾಗಿ ಮಾಮೂಲಿ ಪೆಟ್ರೋಲೇ 95 ಆಗಿದೆ. ನಾನು ದುಡ್ಡು ಕೊಟ್ಟು ತರುತ್ತಿದ್ದ ನಂಬರು ಈಗ ಸುಮ್ನೆ ಸಿಗುತ್ತಿದೆ, ಮೈಲೇಜ್ ಮಾತ್ರ 16ಕ್ಕೆ ಇಳಿದಿದೆ. ಒಂದು ಲೀಟರ್ ಎಥೆನಾಲಿನಲ್ಲಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಭಾಗ ಶಕ್ತಿ ಕಡಿಮೆ. ಆಕ್ಟೇನ್ ಬೇರೆ, ಶಕ್ತಿ ಬೇರೆ ಅನ್ನುವುದಕ್ಕೆ ಇನ್ನೇನು ಬೇಕು?

ಗಾಳಿಗೆ ಪೆಟ್ರೋಲು ಬೆರೆಸುವ ಕಾರ್ಬೊರೇಟರಿಗೆ ಕಷ್ಟ ಬೇರೆಯೇ. ಎಥೆನಾಲಿನೊಳಗೇ ಆಮ್ಲಜನಕ ಇರುವುದರಿಂದ ಮಿಶ್ರಣ ತೆಳುವಾಗುತ್ತದೆ. ಹೊಸ ಕಾರು ತಾನೇ ಸರಿಮಾಡಿಕೊಳ್ಳುತ್ತದೆ, ಇದರಲ್ಲಿ ಪೆಟ್ರೋಲು ಬಿಡುವ ಜೆಟ್ಟಿನ ತೂತು ಇದ್ದಷ್ಟೇ. ಚಳಿಯ ಬೆಳಿಗ್ಗೆ ಚೋಕ್ ಎಳೆದರೂ ಕೆಮ್ಮುತ್ತದೆ. ಸಾಬ್ರು ಒಂದು ನಂಬರ್ ದೊಡ್ಡ ಜೆಟ್ ಹಾಕಿದ ಮೇಲೆ ಪರವಾಗಿಲ್ಲ. ಎಥೆನಾಲ್ ನೀರನ್ನೂ ಎಳೆಯುತ್ತದೆ. ನಮ್ಮ ಕಡೆಯ ಮಳೆಗಾಲದ ಗಾಳಿಯಲ್ಲಿ ನೀರಿಗೇನು ಬರವೇ? ಜಾಸ್ತಿಯಾದರೆ ಎಥೆನಾಲ್ ನೀರಿನ ಜೊತೆ ಬೇರೆಯಾಗಿ ಟ್ಯಾಂಕಿನ ತಳಕ್ಕೆ ಇಳಿಯುತ್ತದೆ. ಅದಕ್ಕೇ ಜೂನ್ ಬರುವ ಮುಂಚೆ ಟ್ಯಾಂಕ್ ತುಂಬಿಸಿ ಇಡುತ್ತೇನೆ, ಗಾಳಿಗೆ ಜಾಗ ಕಡಿಮೆಯಾಗಲಿ ಅಂತ. ವಾರಕ್ಕೊಮ್ಮೆ ಮಂಡಗದ್ದೆ ತನಕ ಓಡಿಸಿ ಬರುತ್ತೇನೆ. ಕಾರ್ಬನ್ನಿಗೂ ಅದೇ ಔಷಧಿ.

ಹೋದ ತಿಂಗಳು ಪೆಟ್ರೋಲ್ ಪೈಪ್ ಮುಟ್ಟಿದರೆ ಬೇಯಿಸಿದ ಬೆಂಡೆಕಾಯಿ ಹಾಗೆ ಮೆತ್ತಗಾಗಿತ್ತು. ಶಿವಮೊಗ್ಗದಿಂದ ಎರಡು ಥರದ ಪೈಪ್ ತಂದೆ. ಅಂಗಡಿಯವನು ಎರಡೂ ಎಥೆನಾಲ್ ತಡೆಯುತ್ತೆ ಅಂದ. ಸಾಬ್ರು ನಂಬಲಿಲ್ಲ. ಎರಡರಿಂದಲೂ ಒಂದೊಂದು ತುಂಡು ಕತ್ತರಿಸಿ, ಪೆಟ್ರೋಲು ತುಂಬಿದ ಗಾಜಿನ ಬಾಟಲಿಗೆ ಹಾಕಿ, ಗ್ಯಾರೇಜಿನ ಕಿಟಕಿಯಲ್ಲಿ ಇಟ್ಟಿದ್ದಾರೆ. ಇವತ್ತಿಗೆ ಹನ್ನೊಂದು ದಿನ. ಒಂದು ತುಂಡು ಆಗಲೇ ಸ್ವಲ್ಪ ಊದಿದೆ.