ಕಿವಿಗೆ ಸಿಗದ ಜೀರುಂಡೆ

ಟೆಟ್ಟಿಗಾರ್ಕ್ಟಾ ಎಂಬ ಜೀರುಂಡೆ ಕುಲದಲ್ಲಿ ಇಂದು ಉಳಿದಿರುವುದು ಎರಡೇ ಪ್ರಭೇದ. 1845ರಲ್ಲಿ ಹೆಸರು ಪಡೆದ ಟೊಮೆಂಟೋಸಾ ಆಸ್ಟ್ರೇಲಿಯಾದ ಟಾಸ್ಮೇನಿಯಾ ದ್ವೀಪದ್ದು. 1883ರ ಕ್ರಿನಿಟಾ, ಸಮುದ್ರದಾಚೆ ವಿಕ್ಟೋರಿಯಾ ಮತ್ತು ನ್ಯೂ ಸೌತ್ ವೇಲ್ಸ್‌ನ ಚಳಿ ಬೆಟ್ಟಗಳದ್ದು. ಇವುಗಳ ಕುಟುಂಬದ ಮಿಕ್ಕವರೆಲ್ಲ ಪಳೆಯುಳಿಕೆಗಳು, ಕೆಲವು ಜುರಾಸಿಕ್ ಕಾಲದಷ್ಟು ಹಳೆಯವು.

ಮಲೆನಾಡಿನಲ್ಲಿ ಜೀರುಂಡೆಯನ್ನು ಸದ್ದು ಹಿಡಿದು ಹುಡುಕುತ್ತೇವೆ. ಇಲ್ಲಿ ಅದು ನಡೆಯದು. ಸಾಮಾನ್ಯವಾಗಿ ಗಂಡು ಜೀರುಂಡೆಯ ಹೊಟ್ಟೆಯ ಬುಡದಲ್ಲಿ ಸದ್ದು ಮಾಡುವ ಪೊರೆ ಇರುತ್ತದೆ, ಕೇಳಲು ಗಂಡು ಹೆಣ್ಣು ಎರಡಕ್ಕೂ ಕಿವಿಪೊರೆ ಇರುತ್ತದೆ. ಟೆಟ್ಟಿಗಾರ್ಕ್ಟಾಕ್ಕೆ ಕಿವಿಪೊರೆಯೇ ಇಲ್ಲ. ಸದ್ದಿನ ಪೊರೆ ಹೆಣ್ಣಿಗೂ ಇದೆ, ಆದರೆ ಅದರ ಮಿಡಿತ ಗಾಳಿಗೆ ಹೋಗದೆ ಕಾಲಿನ ಮೂಲಕ ಕೊಂಬೆಗೆ ಇಳಿಯುತ್ತದೆ. ಹತ್ತಿರದ ಇನ್ನೊಂದು ಕೀಟ ಆ ನಡುಕವನ್ನು ಕಾಲಿನಿಂದಲೇ ಗ್ರಹಿಸುತ್ತದೆ. ಹಾಗಾಗಿ ದಾಖಲಿಸಬೇಕೆಂದರೆ ಮೈಕ್ ಹಿಡಿದು ನಿಂತು ಪ್ರಯೋಜನವಿಲ್ಲ. ಕೀಟ ಕೂತ ಕೊಂಬೆಗೇ ಕಂಪನ ಸಂವೇದಕ ಅಂಟಿಸಬೇಕು. ಗಾಳಿ ಬೀಸುವ ರಾತ್ರಿ ಎಲೆ ಅಲುಗಾಟವೇ ಎಲ್ಲವನ್ನೂ ನುಂಗಿಹಾಕುತ್ತದೆ, ಅಂಥ ದಿನ ಉಪಕರಣ ಬಿಚ್ಚದಿರುವುದೇ ವಾಸಿ.

ಫೆಬ್ರುವರಿಯಿಂದ ಏಪ್ರಿಲ್ ನೋಡಲು ಒಳ್ಳೆಯ ಸಮಯ, ಅಲ್ಲಿಗದು ಬೇಸಿಗೆಯ ಕೊನೆ ಮತ್ತು ಶರತ್ಕಾಲ. ಹಗಲಲ್ಲಿ ಇವು ನೀಲಗಿರಿ ಮರಗಳ ಸಡಿಲ ತೊಗಟೆಯಡಿ ಅವಿತಿರುತ್ತವೆ. ದಯವಿಟ್ಟು ತೊಗಟೆ ಕೀಳಬೇಡಿ. ಕಿತ್ತದ್ದನ್ನು ಮತ್ತೆ ಅಂಟಿಸಲಾಗದು, ಆ ಮರದಲ್ಲಿ ಅಡಗುವ ಜಾಗವೇ ಇಲ್ಲವಾಗುತ್ತದೆ. ಬದಲಿಗೆ ಕತ್ತಲಾಗುತ್ತಿದ್ದಂತೆ ಮರದ ಹತ್ತಿರ ಬಿಳಿ ಬಟ್ಟೆ ಕಟ್ಟಿ ಪ್ರಖರ ದೀಪ ಹಚ್ಚಿ. ಚಳಿಯಿದೆ, ಇವತ್ತು ಏನೂ ಬರದು ಎಂದು ಬೇಗ ಗಂಟುಮೂಟೆ ಕಟ್ಟಬೇಡಿ. ಬೇರೆ ಜೀರುಂಡೆಗಳು ಸೊರಗುವ ಥಂಡಿಯಲ್ಲೇ ಇವು ಓಡಾಡುವುದು. ರಾಷ್ಟ್ರೀಯ ಉದ್ಯಾನದೊಳಗೆ ಮಾದರಿ ಹಿಡಿಯುವುದಾದರೆ ಮೊದಲೇ ಅನುಮತಿ ಬೇಕು.

ಬಟ್ಟೆಗೆ ಬಂದು ಕೂತದ್ದು ಅದೇ ಹೌದೇ? ಕಂದು ಮೈ, ಎದೆಯಡಿ ದಟ್ಟ ರೋಮ. ಅದಕ್ಕಿಂತ ಖಚಿತ ಗುರುತು ಬೆನ್ನ ಮೇಲಿದೆ: ತಲೆಯ ಹಿಂದಿನ ಫಲಕ ತುಂಬ ಹಿಂದಕ್ಕೆ ಚಾಚಿ, ಮಾಮೂಲಿ ಜೀರುಂಡೆಯಲ್ಲಿ ಎದ್ದು ಕಾಣುವ ನಡು ಎದೆಯನ್ನು ಬಹುಪಾಲು ಮುಚ್ಚಿರುತ್ತದೆ. ಫೋಟೊ ತೆಗೆಯುವಾಗ ನೇರ ಮೇಲಿನಿಂದ ಒಂದನ್ನು ತಪ್ಪದೆ ತೆಗೆಯಿರಿ. ಪಕ್ಕದಿಂದ ತೆಗೆದ ಚಿತ್ರದಲ್ಲಿ ಈ ಫಲಕದ ಅಂಚು ಸರಿಯಾಗಿ ಕಾಣುವುದಿಲ್ಲ.