ಲಾನ್ ಮ್ಯಾಲೆ ಕೆರಿ

ಹುಬ್ಬಳ್ಳಿಯೊಳಗ ರಾತ್ರಿ ಜೋರ್ ಮಳಿ. ಇವತ್ತ ಮುಂಜಾನೆ ಒಂದು ಹೊಸ ಮನಿ ಮುಂದ ಲಾನ್ ಪೂರಾ ಕೆರಿ ಆಗಿತ್ತು. ಹುಲ್ಲು ಹಾಸಿ ವಾರ ಆಗಿರಲಿಕ್ಕಿಲ್ಲ.

ತಪ್ಪು ಹುಲ್ಲಿಂದಲ್ಲ. ಕೆಳಗ ಎರಿ, ಅಂದ್ರ ಕಪ್ಪು ಜಿಗುಟು ಮಣ್ಣೈತಿ.

ಎರಿ ನೀರು ಕುಡದು ಉಬ್ಬತೈತಿ, ಒಣಗಿದ್ರ ಬಾಯಿ ಬಿಡತೈತಿ. ಬೇಸಿಗ್ಯಾಗ ಆ ಬಿರುಕಿನ್ಯಾಗ ಕೈ ಇಳಿತಾವು. ಹುಲ್ಲಿನ ಬೇರು ಅಲ್ಲೇ ಹರಿತಾವು.

ಎಲ್ಲಾರೂ ಹೇಳೂದು ಒಂದ: "ಎರಡು ಬುಟ್ಟಿ ಮರಳು ಹಾಕ್ರಿ." ಹಾಕಬ್ಯಾಡ್ರಿ. ಎರಿಗೆ ಸ್ವಲ್ಪ ಮರಳು ಬೆರೆತ್ರ ಇಟ್ಟಂಗಿ ಆಗತೈತಿ, ಲಾನ್ ಅಲ್ಲ.

ಬೇಕಾಗಿದ್ದು ಪೂರಾ ಕೊಳೆತ ತಿಪ್ಪಿಗೊಬ್ಬರ. 10 ಅಡಿ ಉದ್ದ, 10 ಅಡಿ ಅಗಲದ ಜಾಗಕ್ಕ 2 ಇಂಚು ದಪ್ಪ, ಅಂದ್ರ ಸುಮಾರು 17 ಘನ ಅಡಿ. 8 ಇಂಚು ಆಳ ಅಗದು ಕಲಸ್ರಿ. ಹಸಿ ಸಗಣಿ ಬ್ಯಾಡ. ಬೇರು ಸುಡತೈತಿ, ಕಳೆ ಬೀಜಾನೂ ಬರತಾವು.

ಅಗಿಯೂಕಿಂತ ಮೊದಲ ಒಂದು ಹಿಡಿ ಮಣ್ಣು ಮುಷ್ಟ್ಯಾಗ ಒತ್ತಿ ಉಂಡಿ ಮಾಡ್ರಿ. ಬೆರಳಿಂದ ತಟ್ಟಿದ್ರ ಪುಡಿ ಆಗಬೇಕು. ಮೇಣದಂಗ ಅಂಟಿದ್ರ ಎರಡು ದಿನ ಸುಮ್ನಿರ್ರಿ. ಹಸಿ ಎರಿ ತುಳದ್ರ ಹೆಂಟಿ ಕಲ್ಲಾಗತೈತಿ.

ಇಳಿಜಾರು ಮನಿಯಿಂದ ಹೊರಗ, 10 ಅಡಿಗೆ ಎರಡೂವರಿ ಇಂಚರ ಇರ್ಲಿ.

ಆಮ್ಯಾಲೆ, ಹುಲ್ಲು ಹಾಸೂಕಿಂತ ಮೊದಲ, ನೀರು ಹಾಕಿ ಎರಡು ವಾರ ಕಾಯ್ರಿ. ಜೇಕು ಅನ್ನೂ ಗಡ್ಡಿ ಕಳೆ ತಲಿ ಎತ್ತತೈತಿ. ಗಡ್ಡಿ ಸಮೇತ ಕೀಳ್ರಿ, ಕೊಯ್ದ್ರ ಮತ್ತ ಚಿಗುರತೈತಿ. ಈ ಎರಡು ವಾರ ಕಾಯಾಕ ಯಾರಿಗೂ ತಾಳ್ಮಿ ಇಲ್ಲ, ಗೃಹಪ್ರವೇಶದ ತಾರೀಖು ಮೊದಲ ಪ್ರಿಂಟ್ ಆಗಿರತೈತಿ.

ಧಾರವಾಡದ ಕೆಂಪು ಮಣ್ಣಿನವರು ನಗಬ್ಯಾಡ್ರಿ. ನಿಮ್ಮಲ್ಲಿ ನೀರು ನಿಲ್ಲೂದಿಲ್ಲ ಖರೆ, ಆದ್ರ ಗೊಬ್ಬರ ನಿಮಗೂ ಅಷ್ಟ ಬೇಕು.