1.8 ಓಮ್ ಎಲ್ಲಿಂದ ಬಂತು?

ಕೊನೆಗೂ ಸಿಕ್ಕಿತು. ಹದಿನೆಂಟು ದಿನದಿಂದ ತಲೆ ತಿನ್ನುತ್ತಿದ್ದ ಅರ್ತಿಂಗ್ ಗುಟ್ಟು ನಿನ್ನೆ ಮಧ್ಯಾಹ್ನ ಹಾರೆಯ ತುದಿಗೆ ಸಿಕ್ಕಿಬಿತ್ತು.

ಮಲೆನಾಡಿನ ಈ ಹೊಸ 11 ಕೆವಿ ಲೈನಿನಲ್ಲಿ ಉಳಿದ ತಪಾಸಣೆಯೆಲ್ಲ ಮುಗಿದಿದೆ. 9 ಮೀಟರ್ ಕಂಬಗಳು ಒಂದೂವರೆ ಮೀಟರ್ ಹೂತಿವೆ, ರಸ್ತೆ ದಾಟುವ ಕಡೆ ತಂತಿ 6.1 ಮೀಟರಿಗಿಂತ ಮೇಲಿದೆ. ಕಾಡಿದ್ದು ಅಡಿಕೆ ತೋಟದ ಪಕ್ಕದ 25 ಕೆವಿಎ ಟಿಸಿ (ಟ್ರಾನ್ಸ್‌ಫಾರ್ಮರ್) ಒಂದೇ.

ನಮ್ಮ ಹುಡುಗರು ತಂದ ಫಾರ್ಮಿನಲ್ಲಿ ನ್ಯೂಟ್ರಲ್ ಅರ್ತ್ (ಟಿಸಿಯ ನ್ಯೂಟ್ರಲನ್ನು ನೆಲಕ್ಕೆ ಜೋಡಿಸುವ ಅರ್ತಿಂಗಿನ ರೋಧ) 1.8 ಓಮ್ ಅಂತಿತ್ತು. ನಾವು ಇಟ್ಟುಕೊಂಡ ಮಿತಿ 5, ಕಡಿಮೆ ಇದ್ದಷ್ಟೂ ಒಳ್ಳೆಯದು. ಪಾಸ್ ಆದ ಅಂಕಿಯನ್ನು ಯಾರು ಕೆದಕುತ್ತಾರೆ? ಆದರೆ ಅದು ಮುರಕಲ್ಲಿನ ದಿಬ್ಬ, ಅದೂ ಮಾರ್ಚ್ ತಿಂಗಳು. ಬೆಳಿಗ್ಗೆ ಒಂದು ಕೊಡ ನೀರು ಹೊಯ್ದರೆ ಮಧ್ಯಾಹ್ನಕ್ಕೆ ಪಸೆಯೂ ಉಳಿಯದ ನೆಲದಲ್ಲಿ ಇಷ್ಟು ಕಡಿಮೆ, 1.8, ಬರುವುದು ಹೇಗೆ?

ಮೊದಲು ಅರ್ತ್ ಅಳೆಯುವ ಟೆಸ್ಟರಿನ ಮೇಲೆ ಅನುಮಾನ. ಅಂಗಡಿಯವರು ಕೊಟ್ಟಿದ್ದ ವೈರ್ ಬರೀ 15 ಮೀಟರ್. ಉದ್ದದ್ದು ಬೇಕೆಂದರೆ ‘ನಾಳೆ ಕಳಿಸ್ತೀವಿ ಸಾರ್’ ಎನ್ನುತ್ತ ಎರಡು ವಾರ ಕಳೆದರು. ಬಂದ ಮೇಲೆ ಕರೆಂಟ್ ಸ್ಪೈಕ್ (ನೆಲಕ್ಕೆ ಹೊಡೆದು ಕರೆಂಟ್ ಹರಿಸುವ ಸಲಾಕೆ) 30 ಮೀಟರಿಗೆ, ಪೊಟೆನ್ಶಿಯಲ್ ಸ್ಪೈಕ್ (ವೋಲ್ಟೇಜ್ ಅಳೆಯುವ ಸಲಾಕೆ) 18.5ಕ್ಕೆ, ಆಮೇಲೆ ಅದನ್ನೇ ಮೂರು ಮೀಟರ್ ಹಿಂದೆ, ಮೂರು ಮೀಟರ್ ಮುಂದೆ. ಮೂರೂ ಸಲ 1.8ರ ಆಸುಪಾಸೇ! ಟೆಸ್ಟರ್ ಸುಳ್ಳು ಹೇಳುತ್ತಿರಲಿಲ್ಲ.

ನಿನ್ನೆ ಎಲ್‌ಸಿ (ಲೈನ್ ಬಂದ್ ಮಾಡಿ ಕೆಲಸ ಮಾಡುವ ಅನುಮತಿ) ತಗೊಂಡು, ಜಿಒಎಸ್ (ಕಂಬದ ಮೇಲಿನ ಸ್ವಿಚ್) ತೆಗೆಸಿ, ಉಳಿದ ಕರೆಂಟನ್ನು ನೆಲಕ್ಕಿಳಿಸುವ ಡಿಸ್ಚಾರ್ಜ್ ರಾಡ್ ಹಾಕಿದ ಮೇಲೆ ನ್ಯೂಟ್ರಲ್‌ನಿಂದ ಪಿಟ್ಟಿಗೆ (ಅರ್ತಿಂಗ್ ಪೈಪು ಹೂತ ಗುಂಡಿಗೆ) ಇಳಿಯುವ ಜಿಐ (ಸತು ಲೇಪಿಸಿದ ಕಬ್ಬಿಣ) ಪಟ್ಟಿ ಬಿಚ್ಚಿಸಿದೆ. (ಲೈನ್ ಚಾಲೂ ಇರುವಾಗ ಇದನ್ನು ಯಾರೂ ಮುಟ್ಟಬೇಡಿ.) ಪಿಟ್ ಒಂದನ್ನೇ ಅಳೆದರೆ 43 ಓಮ್. ಅಷ್ಟು ದಿನ ನಾವು ಅಳೆದದ್ದು ಎಲ್‌ಟಿ (ಮನೆಗಳಿಗೆ ಹೋಗುವ ಕಡಿಮೆ ವೋಲ್ಟೇಜ್ ಲೈನ್) ನ್ಯೂಟ್ರಲ್ ಹಿಡಿದು ಊರಿನ ಕಂಬಗಳ ಅರ್ತನ್ನೆಲ್ಲ ಸೇರಿಸಿ.

ಅಗೆಸಿದೆವು. ಮೇಲೆ ಒಂದು ಗೇಣು ಇದ್ದಿಲು, ಉಪ್ಪು. ಅದರ ಕೆಳಗೆ ಗಟ್ಟಿ ಮುರಕಲ್ಲು. ಎರಡೂವರೆ ಮೀಟರ್ ಇರಬೇಕಿದ್ದ ಪೈಪು ಎಳೆದ ಕೂಡಲೇ ಕೈಗೆ ಬಂತು. ಟೇಪ್ ಹಿಡಿದರೆ 94 ಸೆಂಟಿಮೀಟರ್. ತುದಿಯಲ್ಲಿ ಹ್ಯಾಕ್ಸಾ ಗೆರೆಗಳು, ಸತು ಹೋದ ಕಡೆ ಕೆಂಪು ತುಕ್ಕು. ಕಲ್ಲು ಅಡ್ಡ ಬಂತೆಂದು ಗುತ್ತಿಗೆದಾರನ ಕಡೆಯವರು ಕೊಯ್ದು ಕೂರಿಸಿದ್ದಾರೆ. ಕೋಪ ತಡೆಯಲಾಗಲಿಲ್ಲ. ಆ ಟಿಸಿಯ ಕಂಬದ ಬುಡದಲ್ಲೇ ಶಾಲೆ ಮಕ್ಕಳು ಬಸ್ಸಿಗೆ ಕಾಯುತ್ತಾರೆ.

ತೋಟದ ಬಸಿಗಾಲುವೆ ಕಡೆ ತಗ್ಗಿನಲ್ಲಿ ಪೂರ್ತಿ ಆಳಕ್ಕೆ ಹೊಸ ಪಿಟ್ ತೆಗೆಸಿದೆವು: 7.6. ಆರು ಮೀಟರ್ ಆಚೆ ಇನ್ನೊಂದು ತೆಗೆಸಿ ಜೋಡಿಸಿದರೆ 4.1. ಎರಡೂ ಅಂಕಿ ನ್ಯೂಟ್ರಲ್ ಬಿಚ್ಚಿಟ್ಟು ಅಳೆದದ್ದು. ಫಾರ್ಮಿಗೆ ‘ಬಿಚ್ಚಿ ಅಳೆದದ್ದು’ ಅಂತ ಹೊಸ ಕಾಲಂ ಸೇರಿಸಿದ್ದೇನೆ. ಪೈಪನ್ನು ಗುಂಡಿಗೆ ಇಳಿಸುವ ಮುಂಚೆ ಪಕ್ಕದಲ್ಲಿ ಟೇಪ್ ಇಟ್ಟು ಫೋಟೋ ಕಡ್ಡಾಯ.

ಮುಂದಿನ ಕೆಲಸ ಆಗಲೇ ತಲೆಯಲ್ಲಿ ಓಡುತ್ತಿದೆ. ಬೈಮೆಟಲ್ ಲಗ್ (ತಂತಿಯ ತುದಿ ಬಿಗಿಯುವ, ತಾಮ್ರ ಅಲ್ಯೂಮಿನಿಯಂ ಎರಡೂ ಇರುವ ತುಂಡು) ಕೇಳಿದರೆ ಬರೀ ಅಲ್ಯೂಮಿನಿಯಂ ಲಗ್ ಕಳಿಸಿದ್ದಾರೆ. ತಾಮ್ರಕ್ಕೆ ಅದನ್ನೇ ಬಿಗಿದರೆ ಜಾಯಿಂಟ್ ಸವೆದು ಬಿಸಿಯಾಗುತ್ತದೆ. ಸಂಜೆ ಏಳರ ಲೋಡಿನಲ್ಲಿ ಥರ್ಮಲ್ ಕ್ಯಾಮೆರಾ ಹಿಡಿದು ಒಂದೊಂದೇ ಟಿಸಿ ನೋಡಬೇಕು. ಅದಕ್ಕೂ ಮುಂಚೆ, ನಾಳೆ ಬೆಳಿಗ್ಗೆ ಇದೇ ಟಿಸಿಯ ಲೈಟ್ನಿಂಗ್ ಅರೆಸ್ಟರ್ (ಸಿಡಿಲಿನಿಂದ ಕಾಪಾಡುವ ಸಾಧನ) ಪಿಟ್ ಅಗೆಸುತ್ತೇನೆ. ಅದನ್ನೂ ಇಳಿಸಿದ್ದು ಅದೇ ತಂಡ, ಅದೇ ದಿನ.